ವಿದ್ಯಾರ್ಥಿಗಳ ವಿನ್ಯಾಸ ಕಾರ್ಯ: ತಯಾರಿಕೆಯ ಯೋಜನೆಯನ್ನು ಕಲಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಶಾಲೆಗಳಲ್ಲಿ ನಡೆಯುವ ವಸ್ತುಪ್ರದರ್ಶನಗಳಿಗೆ ಗ್ರಾಮ ಪಂಚಾಯಿತಿಯ ಸದಸ್ಯರನ್ನು ಅತಿಥಿಗಳಾಗಿ ಆಹ್ವಾನಿಸುವುದು ವಾಡಿಕೆ. ಮೇಜುಗಳ ಮೇಲೆ ಸಾಲಾಗಿ ಮಾದರಿಗಳನ್ನು ಜೋಡಿಸಿರುತ್ತಾರೆ. ವಿದ್ಯಾರ್ಥಿಗಳು ಕಂಠಪಾಠ ಮಾಡಿದ ವಿವರಣೆಯನ್ನು ಒಪ್ಪಿಸುತ್ತಾರೆ. ಅತಿಥಿಗಳು ಮೆಚ್ಚಿ ಮುಂದೆ ಸಾಗುತ್ತಾರೆ. ಅಂತಹ ಸಂದರ್ಭದಲ್ಲಿ ಒಂದು ಸರಳ ಪ್ರಶ್ನೆಯನ್ನು ಕೇಳಿದರೆ ಬಹಳ ಸಂಗತಿಗಳು ತಿಳಿಯುತ್ತವೆ: "ಇದನ್ನು ಮಾಡುವಾಗ ಮೊದಲು ಯಾವ ಕೆಲಸ ಮಾಡಿದಿರಿ? ಅದನ್ನೇ ಮೊದಲು ಮಾಡಿದ್ದು ಏಕೆ?" ಸ್ವತಃ ಕೈಯಿಂದ ಮಾಡಿದ ವಿದ್ಯಾರ್ಥಿಯು ಕೂಡಲೇ ಉತ್ತರಿಸುತ್ತಾನೆ. ಅಂಗಡಿಯಿಂದ ತಂದದ್ದಾಗಿದ್ದರೆ, ಅಥವಾ ಹಿಂದಿನ ರಾತ್ರಿ ಮನೆಯ ಹಿರಿಯರು ಅಂಟಿಸಿ ಕೊಟ್ಟದ್ದಾಗಿದ್ದರೆ, ವಿದ್ಯಾರ್ಥಿಯು ಶಿಕ್ಷಕರ ಮುಖ ನೋಡುತ್ತಾನೆ.

ಆ ವಿದ್ಯಾರ್ಥಿಯನ್ನು ದೂಷಿಸಲಾಗದು. ಏನು ಮಾಡಬೇಕೆಂದು ಆತನಿಗೆ ಹೇಳಿದವರುಂಟು. ಮಾಡುವ ಕಾರ್ಯವನ್ನು ಹೇಗೆ ಯೋಜಿಸಬೇಕೆಂದು ಕಲಿಸಿದವರಿಲ್ಲ. ಶಾಲೆಗಳಲ್ಲಿ ಕಲ್ಪನೆಗೆ ಕೊರತೆಯಿಲ್ಲ. ಬೇಸಿಗೆಯಲ್ಲಿ ಹಕ್ಕಿಗೆ ನೀರುಣಿಸುವ ತೊಟ್ಟಿ, ಅಜ್ಜಿಗೆ ಬಾಗದೆ ಕಸ ಎತ್ತಲು ಬರುವ ಮೊರ, ಅಂಗನವಾಡಿ ಮಕ್ಕಳ ಎತ್ತರಕ್ಕೆ ಹೊಂದುವ ಕೈತೊಳೆಯುವ ಕಟ್ಟೆ ಮುಂತಾದವನ್ನು ಮಕ್ಕಳು ತಾವಾಗಿಯೇ ಆಲೋಚಿಸುತ್ತಾರೆ. ಆಲೋಚನೆಗೂ ವಸ್ತುವಿಗೂ ನಡುವೆ ಇರುವ ದಾರಿಯಲ್ಲಿ ಅವರು ಸೋಲುತ್ತಾರೆ. ಆ ದಾರಿಗೆ ತಯಾರಿಕೆಯ ಯೋಜನೆ ಎಂದು ಹೆಸರು. ಅದನ್ನು ಕಲಿಸುವುದು ಹೇಗೆ, ಅದರಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವೇನು ಎಂಬುದೇ ಈ ಉಪನ್ಯಾಸದ ವಿಷಯ.

ಪಂಚಾಯಿತಿಗೆ ಸಂಬಂಧಿಸಿದ ವಿಷಯವೇ?

ಶಾಲೆಯ ಪಾಠಕ್ರಮದಲ್ಲಿ ಪಂಚಾಯಿತಿಗೇನು ಕೆಲಸ ಎಂಬ ಸಂದೇಹ ಸಹಜವಾದುದು. ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಪ್ರಾಥಮಿಕ ಹಾಗೂ ಪ್ರೌಢಶಾಲೆಗಳನ್ನೊಳಗೊಂಡ ಶಿಕ್ಷಣವು 17ನೆಯದು, ತಾಂತ್ರಿಕ ತರಬೇತಿ ಮತ್ತು ವೃತ್ತಿ ಶಿಕ್ಷಣವು 18ನೆಯದು, ಗ್ರಂಥಾಲಯವು 20ನೆಯದು. ಆದುದರಿಂದ ಇದು ಪಂಚಾಯಿತಿಗೆ ಹೊರಗಿನ ವಿಷಯವಲ್ಲ.

ಕೈಕೆಲಸದ ಮೂಲಕ ಕಲಿಕೆ ಎಂಬ ವಿಚಾರವೂ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿಯವರು ಮಂಡಿಸಿದ ಮೂಲ ಶಿಕ್ಷಣದ ಕಲ್ಪನೆಯ ಕೇಂದ್ರದಲ್ಲಿ ಕಸುಬು ಇತ್ತು. ಇತ್ತೀಚಿನ ಉದಾಹರಣೆಯೆಂದರೆ, ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳವರೆಗೆ ಅನುದಾನ ದೊರೆಯುವ ಈ ಯೋಜನೆಯು 6ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗೆ ಉಪಕರಣಗಳನ್ನು ಒದಗಿಸುತ್ತದೆ. ಇನ್‌ಸ್ಪೈರ್ ಮಾನಕ್ ಪ್ರಶಸ್ತಿಯಡಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಅನುದಾನ ಬಂದರೆ ಉಪಕರಣ ಬರುತ್ತದೆ. ಉಪಕರಣ ಬಂದ ಮಾತ್ರಕ್ಕೆ ಯೋಜಿಸುವ ಅಭ್ಯಾಸ ಬರುವುದಿಲ್ಲ. ಅದನ್ನು ಬೇರೆಯಾಗಿಯೇ ಕಲಿಸಬೇಕಾಗುತ್ತದೆ.

ವಿನ್ಯಾಸ ಒಂದು, ತಯಾರಿಕೆಯ ಯೋಜನೆ ಇನ್ನೊಂದು

ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದ ಗೊಂದಲ ಆರಂಭವಾಗುತ್ತದೆ. ವಸ್ತು ಹೇಗಿರಬೇಕು, ಯಾರಿಗಾಗಿ, ಯಾವ ಅಳತೆಯಲ್ಲಿ ಎಂಬುದು ವಿನ್ಯಾಸ. ಯಾವ ಕೆಲಸ ಮೊದಲು, ಯಾವುದು ನಂತರ, ಯಾರು ಮಾಡುವರು, ಎಷ್ಟು ಹೊತ್ತು ಹಿಡಿಯುವುದು, ಯಾವ ಸಾಮಗ್ರಿ ಎಷ್ಟು ಬೇಕು, ಎಲ್ಲಿ ನಿಂತು ಪರೀಕ್ಷಿಸಬೇಕು, ಅಪಾಯ ಎಲ್ಲಿದೆ ಎಂಬುದು ತಯಾರಿಕೆಯ ಯೋಜನೆ. ಚಿತ್ರವು ಎಷ್ಟೇ ಅಂದವಾಗಿದ್ದರೂ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಆಸ್ಟ್ರೇಲಿಯಾದ ಸಿಡ್ನಿ ನಗರದ ಒಪೆರಾ ಹೌಸ್ ಜಗತ್ತಿನ ಪ್ರಸಿದ್ಧ ಕಟ್ಟಡಗಳಲ್ಲೊಂದು. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಸಾನ್ ಅವರ ವಿನ್ಯಾಸವು 1957ರಲ್ಲಿ ಸ್ಪರ್ಧೆಯಲ್ಲಿ ಗೆದ್ದಿತು. ಚಿಪ್ಪಿನಾಕಾರದ ಛಾವಣಿಯನ್ನು ಕಟ್ಟುವ ಬಗೆ ಇನ್ನೂ ನಿಶ್ಚಯವಾಗದಿದ್ದಾಗಲೇ 1959ರಲ್ಲಿ ಕೆಲಸ ಆರಂಭವಾಯಿತು. ಮೊದಲೇ ಕಟ್ಟಿದ್ದ ಕಂಬಗಳು ಛಾವಣಿಯ ಭಾರವನ್ನು ತಾಳಲಾರವೆಂದು ತಿಳಿದಾಗ ಅವನ್ನು ಮತ್ತೆ ಕಟ್ಟಬೇಕಾಯಿತು. 70 ಲಕ್ಷ ಡಾಲರುಗಳೆಂದು ಅಂದಾಜಿಸಿದ ಕಾಮಗಾರಿಯು 1973ರಲ್ಲಿ ಮುಗಿದಾಗ ವೆಚ್ಚ 10 ಕೋಟಿ 20 ಲಕ್ಷ ಡಾಲರಿಗೆ ಏರಿತ್ತು. ವಿನ್ಯಾಸವು ಶ್ರೇಷ್ಠವಾಗಿತ್ತು, ಅದನ್ನು ಕಟ್ಟುವ ಕ್ರಮವು ಸಿದ್ಧವಾಗಿರಲಿಲ್ಲ.

ಅಷ್ಟು ದೂರ ಹೋಗಬೇಕಾದ ಅಗತ್ಯವೂ ಇಲ್ಲ. ಬೀದಿಗೆ ಕಾಂಕ್ರೀಟು ಹಾಕಿದ ಮೂರೇ ತಿಂಗಳಿಗೆ ನಲ್ಲಿ ಪೈಪಿಗಾಗಿ ಅದನ್ನೇ ಅಗೆದ ದೃಶ್ಯವನ್ನು ಕಾಣದ ಸದಸ್ಯರು ವಿರಳ. ಎರಡೂ ಕಾಮಗಾರಿಗಳು ಅವಶ್ಯವೇ. ಎರಡೂ ಗುಣಮಟ್ಟದವೇ ಆಗಿರಬಹುದು. ತಪ್ಪಿದ್ದು ಅವುಗಳ ಅನುಕ್ರಮ. ಹದಿಮೂರು ವರ್ಷದ ಬಾಲಕಿಯೊಬ್ಬಳು ಬಣ್ಣ ಬಳಿದ ನಂತರ ಹಲಗೆಗೆ ತೂತು ಕೊರೆದು ಬಣ್ಣವನ್ನು ಕೆಡಿಸಿಕೊಂಡರೆ ಅದೂ ಇದೇ ಜಾತಿಯ ತಪ್ಪು.

ಕುಶಲಕರ್ಮಿಗಳಿಗೆ ಈ ಅನುಕ್ರಮ ರಕ್ತಗತವಾಗಿರುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ಗಮನಿಸಬಹುದು. ಹಾಲೆ ಮರದ ಕಟ್ಟಿಗೆಯನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡರಿಸಿ, ಚರಕಿಗೆ ಹಾಕಿ ಆಕಾರ ಕೊಟ್ಟು, ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಒಣಗದ ಮರಕ್ಕೆ ಆಕಾರ ಕೊಟ್ಟರೆ ಅದು ಮುಂದೆ ಬಿರುಕು ಬಿಡುತ್ತದೆ. ಒಂದು ಹೆಜ್ಜೆಯನ್ನೂ ಹಿಂದುಮುಂದಾಗಿಸಲು ಬರುವುದಿಲ್ಲ. ಈ ಜ್ಞಾನವು ಕರ್ಮಿಯ ಕೈಯಲ್ಲಿದೆ, ಪುಸ್ತಕದಲ್ಲಿಲ್ಲ. ಶಾಲೆಯು ಕಲಿಸಬೇಕಾದುದು ಆ ಜ್ಞಾನವನ್ನು ಹೊರಗೆ ತಂದು, ಕಾಗದದ ಮೇಲಿಟ್ಟು, ಮೊದಲೇ ಪರೀಕ್ಷಿಸುವ ಕ್ರಮವನ್ನು.

ಒಂದು ಉದಾಹರಣೆ: ಅರಿವು ಕೇಂದ್ರಕ್ಕೆ ಪುಸ್ತಕದ ಗೂಡು

ಮಾತು ಸ್ಪಷ್ಟವಾಗಲು ಒಂದು ಕಾರ್ಯವನ್ನು ಆದಿಯಿಂದ ಅಂತ್ಯದವರೆಗೆ ನೋಡುವುದು ಒಳಿತು. ಎಂಟನೇ ತರಗತಿಯ ಐದಾರು ವಿದ್ಯಾರ್ಥಿಗಳ ತಂಡವೊಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಚಿಕ್ಕ ಮಕ್ಕಳ ಕೈಗೆ ಎಟಕುವಂತಹ ಪುಸ್ತಕದ ಗೂಡನ್ನು ಮಾಡಿಕೊಡಲು ಒಪ್ಪಿದೆಯೆಂದು ಭಾವಿಸಬಹುದು. ಅಗಲ 90 ಸೆಂ.ಮೀ., ಎತ್ತರ 75 ಸೆಂ.ಮೀ., ಆಳ 25 ಸೆಂ.ಮೀ. ಸಾಮಗ್ರಿ 1.8 ಸೆಂ.ಮೀ. ದಪ್ಪದ ಪ್ಲೈವುಡ್. ಎರಡು ಪಕ್ಕದ ಹಲಗೆಗಳು, ಅವುಗಳ ನಡುವೆ ಕೆಳಗೆ, ಮಧ್ಯೆ, ಮೇಲೆ ಎಂಬಂತೆ ಮೂರು ಅಡ್ಡಹಲಗೆಗಳು. ಅಲುಗಾಡದಂತೆ ಹಿಂಬದಿಗೆ 8 ಸೆಂ.ಮೀ. ಅಗಲದ ಎರಡು ಪಟ್ಟಿಗಳು.

ಮೊದಲ ಪಾಠವು ತುಂಡುಗಳ ಪಟ್ಟಿಯಲ್ಲಿದೆ. ಅಗಲ 90 ಸೆಂ.ಮೀ. ಎಂದಾಕ್ಷಣ ವಿದ್ಯಾರ್ಥಿಗಳು ಅಡ್ಡಹಲಗೆಯ ಉದ್ದವನ್ನು 90 ಎಂದು ಬರೆದುಬಿಡುತ್ತಾರೆ. ಹಲಗೆಗಳು ಪಕ್ಕಗಳ ನಡುವೆ ಕೂರುವುದರಿಂದ ಎರಡು ದಪ್ಪಗಳನ್ನು, ಅಂದರೆ 3.6 ಸೆಂ.ಮೀ. ಕಳೆಯಬೇಕು. ಸರಿಯಾದ ಉದ್ದ 86.4 ಸೆಂ.ಮೀ. ಕಾಗದದ ಮೇಲೆ ಈ ತಪ್ಪು ಕಂಡರೆ ರಬ್ಬರಿನಿಂದ ಹೋಗುತ್ತದೆ. ಕತ್ತರಿಸಿದ ಮೇಲೆ ಕಂಡರೆ ಮತ್ತೊಮ್ಮೆ ಕತ್ತರಿಸಬೇಕಾಗುತ್ತದೆ. ಅಂಟಿಸಿದ ಮೇಲೆ ಕಂಡರೆ ಗೂಡು ಗೊತ್ತುಪಡಿಸಿದ ಜಾಗದಲ್ಲಿ ಕೂರುವುದಿಲ್ಲ. ಒಂದೇ ತಪ್ಪಿನ ಬೆಲೆಯು ಹೆಜ್ಜೆ ಹೆಜ್ಜೆಗೂ ಏರುತ್ತದೆ ಎಂಬುದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಲಿಯುತ್ತಾರೆ.

ಎರಡನೆಯ ಪಾಠವು ಹಲಗೆಯನ್ನು ಕತ್ತರಿಸುವ ನಕ್ಷೆಯಲ್ಲಿದೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಳೆಯೆಂದರೆ 244 ಸೆಂ.ಮೀ. ಮತ್ತು 122 ಸೆಂ.ಮೀ. ಇದನ್ನು ಅಡ್ಡಲಾಗಿ 25 ಸೆಂ.ಮೀ. ಪಟ್ಟಿಗಳಾಗಿ ಸೀಳಿದರೆ 122 ಸೆಂ.ಮೀ. ಉದ್ದದ 9 ಪಟ್ಟಿಗಳು ಬರುತ್ತವೆ. ಒಂದೊಂದು ಪಟ್ಟಿಯಲ್ಲಿ ಒಂದೇ ತುಂಡು ಸಿಗುತ್ತದೆ. ಒಂದು ಗೂಡಿಗೆ 5 ತುಂಡುಗಳು ಬೇಕು. ಎರಡು ಗೂಡಿಗೆ 10. ಇರುವುದು 9. ಹೀಗಾಗಿ ಒಂದು ಹಾಳೆಗೆ ಒಂದೇ ಗೂಡು. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿದರೆ 244 ಸೆಂ.ಮೀ. ಉದ್ದದ 4 ಪಟ್ಟಿಗಳು ದೊರೆಯುತ್ತವೆ. ಒಂದು ಪಟ್ಟಿಯಲ್ಲಿ 75, 75 ಮತ್ತು 86.4, ಒಟ್ಟು 236.4 ಸೆಂ.ಮೀ. ಹಿಡಿಯುತ್ತದೆ. ಇನ್ನೊಂದು ಪಟ್ಟಿಯಲ್ಲಿ 86.4ರ ಎರಡು ತುಂಡುಗಳು ಬರುತ್ತವೆ. ಎರಡು ಪಟ್ಟಿಗೆ ಒಂದು ಗೂಡಾಯಿತು. ನಾಲ್ಕು ಪಟ್ಟಿಗೆ ಎರಡು ಗೂಡುಗಳು. ಗರಗಸದ ಬಾಯಿಗೆ ಹೋಗುವ ಪುಡಿಯನ್ನು ಕಳೆದರೂ ಉಳಿಯುವ ಸುಮಾರು 20 ಸೆಂ.ಮೀ. ಅಗಲದ ಪಟ್ಟಿಯಲ್ಲಿ ಎರಡೂ ಗೂಡುಗಳ ಹಿಂಬದಿಯ ನಾಲ್ಕು ಪಟ್ಟಿಗಳು ಬಂದುಬಿಡುತ್ತವೆ.

ಹಾಳೆ ಅದೇ, ಗರಗಸ ಅದೇ, ಹಣ ಅದೇ. ಅರ್ಧ ಗಂಟೆ ಕಾಗದದ ಮೇಲೆ ಗೆರೆ ಎಳೆದು ನೋಡಿದ ಫಲವಾಗಿ ಒಂದರ ಜಾಗದಲ್ಲಿ ಎರಡು ಗೂಡುಗಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮಕ್ಕಳಿಗೆ ನೂರು ಬಾರಿ ಹೇಳುವುದಕ್ಕಿಂತ ಈ ಲೆಕ್ಕವನ್ನು ಒಮ್ಮೆ ಮಾಡಿಸುವುದು ಹೆಚ್ಚು ಪರಿಣಾಮಕಾರಿ.

ಮೂರನೆಯ ಪಾಠವು ಸಮಯದ್ದು. ವಾರಕ್ಕೊಮ್ಮೆ 80 ನಿಮಿಷಗಳ ಜೋಡಿ ಅವಧಿ ಸಿಗುತ್ತದೆಯೆಂದು ಇಟ್ಟುಕೊಂಡರೂ, ಸಾಮಾನು ತೆಗೆದು ಇಡುವುದಕ್ಕೆ ಮತ್ತು ಗುಡಿಸುವುದಕ್ಕೆ 20 ನಿಮಿಷ ಹೋದರೆ ಕೈಕೆಲಸಕ್ಕೆ ಉಳಿಯುವುದು 60 ನಿಮಿಷ. ಒಂದು ಅಡ್ಡಹಲಗೆಯ ಒಂದೊಂದು ತುದಿಗೆ 3 ಸ್ಕ್ರೂಗಳಂತೆ ಮೂರು ಹಲಗೆಗೆ 18; ಹಿಂಬದಿಯ ಪಟ್ಟಿಯ ಒಂದೊಂದು ತುದಿಗೆ 2ರಂತೆ 8. ಒಟ್ಟು 26 ಸ್ಕ್ರೂಗಳು, 26 ತೂತುಗಳು. ಗುರುತು ಮಾಡಿ ಕೊರೆಯಲು ಒಂದಕ್ಕೆ 2 ನಿಮಿಷವಾದರೂ 52 ನಿಮಿಷಗಳು. ಅಂದರೆ ತೂತು ಕೊರೆಯುವುದಕ್ಕೇ ಒಂದು ವಾರದ ಅವಧಿ ಮುಗಿಯಿತು. "ಒಂದೇ ದಿನದಲ್ಲಿ ಮುಗಿಸುತ್ತೇವೆ" ಎಂದ ತಂಡವು ಈ ಲೆಕ್ಕದ ನಂತರ ತಾನಾಗಿಯೇ ಮಾತು ಬದಲಿಸುತ್ತದೆ.

ಹೀಗೆ ಲೆಕ್ಕ ಹಾಕಿದಾಗ ಕೆಲಸವು ಹತ್ತು ವಾರಗಳಿಗೆ ಹರಡಿಕೊಳ್ಳುತ್ತದೆ. ಅರಿವು ಕೇಂದ್ರಕ್ಕೆ ಹೋಗಿ ಅಳತೆ ಮತ್ತು ಅಗತ್ಯವನ್ನು ತಿಳಿಯುವುದು ಒಂದನೇ ವಾರ. ಚಿತ್ರ ಮತ್ತು ರಟ್ಟಿನ ಮಾದರಿ ಎರಡನೇ ವಾರ. ತುಂಡುಗಳ ಪಟ್ಟಿ ಹಾಗೂ ಖರೀದಿ ಪಟ್ಟಿ ಮೂರನೇ ವಾರ. ಹಾಳೆಯ ಮೇಲೆ ಗುರುತು ಹಾಕಿ ಇಬ್ಬರು ಪ್ರತ್ಯೇಕವಾಗಿ ಅಳೆದು ನೋಡುವುದು ನಾಲ್ಕನೇ ವಾರ. ಅದರ ನಡುವಿನ ದಿನಗಳಲ್ಲಿ ಬಡಗಿಯವರು ಯಂತ್ರದ ಗರಗಸದಿಂದ ಕತ್ತರಿಸಿ ಕೊಡುತ್ತಾರೆ. ಉಜ್ಜುಕಾಗದದ ಕೆಲಸ ಐದನೇ ವಾರ. ತೂತುಗಳು ಆರನೇ ವಾರ. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡುವುದು ಏಳನೇ ವಾರ. ಅಂಟು ಮತ್ತು ಸ್ಕ್ರೂ ಎಂಟನೇ ವಾರ. ಬಣ್ಣದ ಎರಡು ಲೇಪಗಳು ಒಂಬತ್ತು ಮತ್ತು ಹತ್ತನೇ ವಾರ. ಅಂಟೂ ಬಣ್ಣವೂ ಒಣಗುವ ಹೊತ್ತು ಎರಡು ಅವಧಿಗಳ ನಡುವಿನ ದಿನಗಳಲ್ಲಿ ಕಳೆಯುವುದರಿಂದ ಯಾರೂ ಕೈಕಟ್ಟಿ ಕೂರಬೇಕಾಗಿಲ್ಲ. ಇದೂ ಯೋಜನೆಯ ಫಲವೇ.

ಪರೀಕ್ಷೆಯ ನಿಲ್ದಾಣಗಳು

ಒಳ್ಳೆಯ ಯೋಜನೆಯಲ್ಲಿ ಮುಂದುವರಿಯಬೇಕಾದ ಹೆಜ್ಜೆಗಳಿರುವಂತೆ ನಿಲ್ಲಬೇಕಾದ ಸ್ಥಳಗಳೂ ಇರುತ್ತವೆ. ತಿದ್ದಲು ಇನ್ನೂ ಅವಕಾಶವಿರುವಾಗ ಪರೀಕ್ಷೆ ನಡೆಯಬೇಕು. ಗೂಡು ಚಚ್ಚೌಕವಾಗಿ ನಿಂತಿದೆಯೇ ಎಂದು ತಿಳಿಯಲು ಎದುರುಬದುರಿನ ಮೂಲೆಗಳ ನಡುವಿನ ಎರಡು ಕರ್ಣಗಳನ್ನು ಅಳೆಯಬೇಕು. 90 ಮತ್ತು 75ರ ಚೌಕಟ್ಟಿಗೆ ಪೈಥಾಗೊರಸನ ಪ್ರಮೇಯದಂತೆ ಕರ್ಣವು ಸುಮಾರು 117 ಸೆಂ.ಮೀ. ಬರುತ್ತದೆ. ಎರಡೂ ಕರ್ಣಗಳು ಸಮವಾಗಿದ್ದರೆ ಗೂಡು ಸರಿ; ಹೆಚ್ಚುಕಡಿಮೆಯಾಗಿದ್ದರೆ ವಾಲಿದೆ. ಈ ಅಳತೆಯನ್ನು ಅಂಟು ಹಸಿಯಾಗಿರುವಾಗಲೇ ಮಾಡಬೇಕು. ಮರುವಾರ ಅಳೆದರೆ ತಪ್ಪು ಗೊತ್ತಾಗುತ್ತದೆ, ಆದರೆ ತಿದ್ದಲಾಗದು. ಕಾಂಕ್ರೀಟಿನಡಿ ಮುಚ್ಚಿಹೋದ ನಂತರ ಕಬ್ಬಿಣದ ಸರಳುಗಳನ್ನು ಎಣಿಸಲು ಹೊರಟಂತೆ ಅದು.

ಗಣಿತದ ತರಗತಿಯಲ್ಲಿ ಅಂಕಕ್ಕಾಗಿ ಕಲಿತ ಪ್ರಮೇಯವೊಂದು ಅಂಗನವಾಡಿ ಮಗುವಿನ ಮೇಲೆ ಗೂಡು ಉರುಳದಂತೆ ಕಾಯುತ್ತದೆ ಎಂಬ ಅರಿವು ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುತ್ತದೆ.

ಕಲಿಸುವ ವಿಧಾನಗಳು

ಶಿಕ್ಷಕರು ಸಿದ್ಧಪಡಿಸಿದ ಯೋಜನೆಯನ್ನು ಕಪ್ಪುಹಲಗೆಯ ಮೇಲೆ ಬರೆದು ನಕಲು ಮಾಡಿಸಿದರೆ ಮಕ್ಕಳು ಯೋಜಿಸಲು ಕಲಿಯುವುದಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ದಾಖಲೆ ಪುಸ್ತಕ ತುಂಬುವುದಕ್ಕಾಗಿ ಯೋಜನೆಯನ್ನು ಬರೆಸಿದರಂತೂ ಅದು ಕಲಿಕೆಯ ಅಣಕವಾಗುತ್ತದೆ. ಅನುಭವದಿಂದ ಫಲಕಾರಿಯೆಂದು ಶಿಕ್ಷಕರು ಕಂಡುಕೊಂಡಿರುವ ಕೆಲವು ಸರಳ ವಿಧಾನಗಳಿವೆ.

ಮೊದಲನೆಯದು, ಮುಗಿದ ವಸ್ತುವಿನಿಂದ ಹಿಂದಕ್ಕೆ ನಡೆಯುವುದು. ತರಗತಿಯ ಒಂದು ಹಳೆಯ ಸ್ಟೂಲನ್ನು ಮುಂದಿಟ್ಟು, ಇದನ್ನು ಮಾಡಿದವರು ಕೊನೆಯದಾಗಿ ಯಾವ ಕೆಲಸ ಮಾಡಿರಬೇಕು, ಅದಕ್ಕೆ ಮುಂಚೆ ಯಾವುದು ಎಂದು ಕೇಳುತ್ತ ಹೋದರೆ ಮಕ್ಕಳು ಅನುಕ್ರಮವನ್ನು ತಾವೇ ಕಂಡುಹಿಡಿಯುತ್ತಾರೆ.

ಎರಡನೆಯದು, ಚೀಟಿಗಳ ಆಟ. ಒಂದೊಂದು ಹೆಜ್ಜೆಯನ್ನು ಒಂದೊಂದು ಚೀಟಿಯಲ್ಲಿ ಬರೆದು, ಕಲಸಿ, ಜೋಡಿಸಲು ಹೇಳುವುದು. ಎರಡು ತಂಡಗಳು ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದಾಗ ನಡೆಯುವ ವಾದವೇ ಆ ದಿನದ ಪಾಠ. ಕೆಲವು ಹೆಜ್ಜೆಗಳ ಕ್ರಮವನ್ನು ಬದಲಿಸಬಹುದು, ಕೆಲವನ್ನು ಬದಲಿಸಲಾಗದು, ಕೆಲವು ಏಕಕಾಲದಲ್ಲಿ ನಡೆಯಬಹುದು ಎಂಬ ಮೂರು ಸತ್ಯಗಳು ಅಲ್ಲಿ ಹೊರಬೀಳುತ್ತವೆ.

ಮೂರನೆಯದು, ಯೋಜನೆಯನ್ನು ಬೇರೆ ತಂಡಕ್ಕೆ ಕೊಟ್ಟು ಓದಿಸುವುದು. "ಇದನ್ನು ಓದಿ ಆ ವಸ್ತುವನ್ನು ಮಾಡಬಲ್ಲಿರಾ?" ಎಂದು ಕೇಳಿದಾಗ, "ಹಲಗೆಯನ್ನು ಸರಿಯಾಗಿ ಕತ್ತರಿಸಿ" ಎಂಬಂತಹ ವಾಕ್ಯ ಎಷ್ಟು ಟೊಳ್ಳೆಂದು ಬರೆದವರಿಗೇ ಅರಿವಾಗುತ್ತದೆ. ಸರಿ ಎಂದರೆ ಎಷ್ಟು ಸೆಂಟಿಮೀಟರು? ಯಾವ ಉಪಕರಣದಿಂದ? ಯಾರು ಪರೀಕ್ಷಿಸುವರು?

ನಾಲ್ಕನೆಯದು, ಎರಡು ಅಂಕಣಗಳು. ಒಂದರಲ್ಲಿ ಅಂದಾಜಿಸಿದ ಸಮಯ ಮತ್ತು ವೆಚ್ಚ, ಪಕ್ಕದಲ್ಲಿ ನಿಜವಾಗಿ ತಗುಲಿದ್ದು. ವ್ಯತ್ಯಾಸ ಬಂದರೆ ಅಂಕ ಕಳೆಯಬಾರದು. ಅಂಕ ಕಳೆದರೆ ಮಕ್ಕಳು ಮೊದಲ ಅಂಕಣವನ್ನು ತಿದ್ದಿ ಎರಡನೆಯದಕ್ಕೆ ಹೊಂದಿಸಿಬಿಡುತ್ತಾರೆ. ವ್ಯತ್ಯಾಸಕ್ಕೆ ಕಾರಣ ಬರೆದವರಿಗೆ ಅಂಕ ಕೊಡಬೇಕು. ಯೋಜನೆಯನ್ನು ಬದಲಿಸಿದಾಗ ಹಳೆಯದನ್ನು ಅಳಿಸದೆ, ಕೆಂಪು ಶಾಯಿಯಲ್ಲಿ ದಿನಾಂಕ ಮತ್ತು ಕಾರಣವನ್ನು ಬರೆಯುವ ರೂಢಿಯನ್ನು ಮಾಡಿಸಬೇಕು. ಕಡತದ ಟಿಪ್ಪಣಿಯ ಮಹತ್ವವನ್ನು ಬಲ್ಲ ಪಂಚಾಯಿತಿ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಐದನೆಯದು, "ಯಾರು" ಎಂಬ ಅಂಕಣ. ಇದು ಚಿಕ್ಕದಾಗಿ ಕಂಡರೂ ಪ್ರಮುಖವಾದುದು. ಯೋಜನೆ ಇಲ್ಲದ ತಂಡದಲ್ಲಿ ಸುತ್ತಿಗೆಯೂ ಡ್ರಿಲ್ಲೂ ಹುಡುಗರ ಕೈ ಸೇರಿ, ಬರೆಯುವುದು, ಬಣ್ಣ ಹಚ್ಚುವುದು, ಗುಡಿಸುವುದು ಹುಡುಗಿಯರ ಪಾಲಾಗುತ್ತದೆ. ಹೆಸರುಗಳನ್ನು ಬರೆದು ನೋಡಿದಾಗ ಅಸಮಾನತೆ ಕಾಗದದ ಮೇಲೆ ಎದ್ದು ಕಾಣುತ್ತದೆ. ಕೆಲಸ ಆರಂಭವಾಗುವ ಮೊದಲೇ ಸರಿಪಡಿಸಬಹುದು. ಅಂಗವೈಕಲ್ಯವುಳ್ಳ ವಿದ್ಯಾರ್ಥಿಗೆ ಪ್ರೇಕ್ಷಕನ ಸ್ಥಾನ ಕೊಡದೆ ನಿಜವಾದ ಪಾಲು ಒದಗಿಸುವುದೂ ಇದೇ ಅಂಕಣದಿಂದ ಸಾಧ್ಯ.

ಸುರಕ್ಷತೆ ಮತ್ತು ಒಂದು ಎಚ್ಚರಿಕೆ

ಪ್ರತಿಯೊಂದು ಹೆಜ್ಜೆಯ ಎದುರಿಗೂ ಅಪಾಯವೇನು, ರಕ್ಷಣೆಯೇನು ಎಂದು ಬರೆಯಬೇಕು. ಉಜ್ಜುವಾಗ ಬಾಯಿ ಮೂಗಿಗೆ ಬಟ್ಟೆ, ಕೊರೆಯುವಾಗ ಕಣ್ಣಿಗೆ ಕನ್ನಡಕ, ಬಣ್ಣ ಬಳಿಯುವಾಗ ತೆರೆದ ಕಿಟಕಿ. ಯಂತ್ರದ ಗರಗಸವನ್ನು ವಯಸ್ಕ ಪರಿಣತರೇ ನಡೆಸಬೇಕು. ಈ ನಿಯಮಕ್ಕೆ ವಿನಾಯಿತಿ ಇರಕೂಡದು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಮಕ್ಕಳು ಒಳ್ಳೆಯ ಗೂಡುಗಳನ್ನು ಮಾಡುತ್ತಾರೆಂದು ತಿಳಿದಾಗ, ಇನ್ನೂ ಹತ್ತು ಮಾಡಿಕೊಡಿ ಎಂದು ಕೇಳುವ ಆಸೆ ಯಾರಿಗಾದರೂ ಬರಬಹುದು. ಎರಡು ಗೂಡುಗಳವರೆಗೆ ಅದು ಕಲಿಕೆ. ಹತ್ತನೆಯದಕ್ಕೆ ಬರುವಾಗ ಅದು ದುಡಿಮೆ. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ಕಾನೂನು ನಿಷೇಧಿಸಿದೆ. ಶಾಲೆಯ ವಿನ್ಯಾಸ ಕಾರ್ಯವು ಪಂಚಾಯಿತಿಯ ಪೀಠೋಪಕರಣಗಳ ಅಗ್ಗದ ಮೂಲವಾಗಬಾರದು. ಹೆಚ್ಚು ಬೇಕಾದಲ್ಲಿ ಊರಿನ ಬಡಗಿಯವರಿಗೆ ನ್ಯಾಯವಾದ ಕೂಲಿ ಕೊಟ್ಟು ಮಾಡಿಸುವುದೇ ಸರಿಯಾದ ಮಾರ್ಗ.

ಗ್ರಾಮ ಪಂಚಾಯಿತಿ ಮಾಡಬಹುದಾದುದು

ಪಂಚಾಯಿತಿಯಿಂದ ಆಗಬೇಕಾದ ಕೆಲಸಗಳಲ್ಲಿ ಹಣ ಬೇಡುವಂಥವು ಕಡಿಮೆ; ಗಮನ ಬೇಡುವಂಥವು ಹೆಚ್ಚು.

ಒಂದು: ನಿಜವಾದ ಅಗತ್ಯವನ್ನು ಶಾಲೆಯ ಮುಂದಿಡುವುದು. ಅರಿವು ಕೇಂದ್ರದ ಗೂಡು, ಅಂಗನವಾಡಿಯ ಕೈತೊಳೆಯುವ ಕಟ್ಟೆ, ಬಸ್ಸು ನಿಲ್ದಾಣದ ಮಾಹಿತಿ ಫಲಕ, ಇವೆಲ್ಲವೂ ಬಳಕೆಗೆ ಬರುವ ವಸ್ತುಗಳು. ಮುಂದೆ ಯಾರೋ ನಿಜವಾಗಿ ಬಳಸುತ್ತಾರೆ ಎಂದು ತಿಳಿದಾಗ ವಿದ್ಯಾರ್ಥಿಗಳು ಅಳತೆಯನ್ನು ಎರಡು ಬಾರಿ ನೋಡುತ್ತಾರೆ. ಪ್ರದರ್ಶನದ ಮರುದಿನ ಕಸದ ಗುಂಡಿಗೆ ಹೋಗುವ ಥರ್ಮಾಕೋಲ್ ಮಾದರಿಗೆ ಆ ಎಚ್ಚರ ಬರುವುದಿಲ್ಲ.

ಎರಡು: ಕಾಲಾವಕಾಶ ಕೊಡುವುದು. ಮಕ್ಕಳ ದಿನಾಚರಣೆಯಂದು, ಅಂದರೆ ನವೆಂಬರ್ 14ರಂದು, ಗೂಡನ್ನು ಹಸ್ತಾಂತರಿಸಬೇಕಾದರೆ ಹಿಂದಕ್ಕೆ ಎಣಿಸಿ ನೋಡಬೇಕು. ಹತ್ತು ವಾರಗಳ ಕೆಲಸ, ಅಡಚಣೆಗಾಗಿ ಒಂದು ವಾರ, ದಸರಾ ರಜೆಗೆ ಸುಮಾರು ಎರಡು ವಾರ, ಒಟ್ಟು ಹದಿಮೂರು ವಾರಗಳು. ಅಂದರೆ ಸ್ವಾತಂತ್ರ್ಯೋತ್ಸವದ ಹೊತ್ತಿಗೇ ಕೆಲಸ ಆರಂಭವಾಗಬೇಕು. ಪಂಚಾಯಿತಿಯ ಕೋರಿಕೆ ಜುಲೈ ತಿಂಗಳಲ್ಲೇ ಶಾಲೆಗೆ ತಲುಪಬೇಕು. ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತ ಮದುವೆಯ ಸಿದ್ಧತೆ ನಡೆಸುವ ಮನೆಗಳಿಗೆ ಈ ಲೆಕ್ಕ ಹೊಸದಲ್ಲ. ಅಕ್ಟೋಬರ್ ಕೊನೆಯಲ್ಲಿ ಹೇಳಿ ನವೆಂಬರ್ 14ಕ್ಕೆ ಬೇಕೆಂದರೆ ಅದು ಯುದ್ಧಕಾಲೇ ಶಸ್ತ್ರಾಭ್ಯಾಸವಾಗುತ್ತದೆ. ಆಗ ಶಿಕ್ಷಕರಿಗೆ ಉಳಿಯುವ ದಾರಿ ಒಂದೇ: ಹೊರಗಿನಿಂದ ಮಾಡಿಸಿ ತಂದು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸುವುದು. ಮಕ್ಕಳು ಅಂದು ಕಲಿಯುವುದು ಯೋಜನೆಯನ್ನಲ್ಲ. ಮಾಡದ ಕೆಲಸಕ್ಕೆ ಹೆಸರು ಪಡೆಯುವುದನ್ನು.

ಮೂರು: ಊರಿನ ಕುಶಲಕರ್ಮಿಗಳನ್ನು ಶಾಲೆಯೊಡನೆ ಸೇರಿಸುವುದು. ಬಡಗಿ, ಕಮ್ಮಾರ, ಕುಂಬಾರ, ಗಾರೆ ಕೆಲಸದವರು, ಹೊಲಿಗೆಯವರು ಪ್ರತಿ ಪಂಚಾಯಿತಿ ವ್ಯಾಪ್ತಿಯಲ್ಲೂ ಇದ್ದಾರೆ. ವಸ್ತುವನ್ನು ಮಾಡಿಕೊಡಲು ಅವರನ್ನು ಕರೆಯಬೇಕಾಗಿಲ್ಲ. ಮಕ್ಕಳು ಬರೆದ ಯೋಜನೆಯನ್ನು ಓದಿ, "ಇಲ್ಲಿ ತಪ್ಪುತ್ತದೆ, ಈ ಹೆಜ್ಜೆ ಮೊದಲು ಬರಲಿ" ಎಂದು ಹೇಳಲು ಕರೆಯಬೇಕು. ಅವರ ಒಂದು ದಿನದ ಸಂಪಾದನೆ ಹೋಗುವುದರಿಂದ ಗೌರವಧನಕ್ಕೆ ವ್ಯವಸ್ಥೆಯಾಗಬೇಕು. ಅಕ್ಷರ ಬಾರದ ಬಡಗಿಯೊಬ್ಬರು ತರಗತಿಯಲ್ಲಿ ಗುರುವಿನ ಸ್ಥಾನದಲ್ಲಿ ಕುಳಿತಾಗ, ಅದೇ ತರಗತಿಯಲ್ಲಿರುವ ಅವರ ಮಗನೋ ಮಗಳೋ ತಲೆಯೆತ್ತಿ ನೋಡುತ್ತಾರೆ. ಕೈಕೆಲಸದ ಮನೆತನದಿಂದ ಬಂದುದನ್ನು ಮರೆಮಾಚಬೇಕಾದ ಸಂಗತಿಯೆಂದು ಭಾವಿಸಿದ್ದ ಮಗುವಿಗೆ ಆ ಒಂದು ಗಂಟೆಯ ಬೆಲೆಯನ್ನು ಯಾವ ಅಂದಾಜು ಪಟ್ಟಿಯಲ್ಲೂ ಬರೆಯಲಾಗದು.

ನಾಲ್ಕು: ಪಂಚಾಯಿತಿಯ ಕಾಗದಪತ್ರಗಳನ್ನು ಪಾಠವಾಗಿಸುವುದು. ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಅಳತೆ ಪುಸ್ತಕ ಇವೆಲ್ಲ ತಯಾರಿಕೆಯ ಯೋಜನೆಯ ದೊಡ್ಡ ರೂಪಗಳೇ. ಊರಿನ ಒಂದು ಚಿಕ್ಕ ಚರಂಡಿಯ ಅಂದಾಜು ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅಥವಾ ಎಂಜಿನಿಯರರು ವಿದ್ಯಾರ್ಥಿಗಳಿಗೆ ತೋರಿಸಿ, ಸ್ಥಳಕ್ಕೆ ಕರೆದೊಯ್ದು ಅಳೆಯಲು ಬಿಡಬಹುದು. ಮಕ್ಕಳಿಗೆ ಗಣಿತ ಅರ್ಥವಾಗುತ್ತದೆ. ಊರಿಗೆ ಮುಂದಿನ ದಿನಗಳಲ್ಲಿ ಅಂದಾಜು ಪಟ್ಟಿಯನ್ನು ಓದಬಲ್ಲ ನಾಗರಿಕರು ದೊರೆಯುತ್ತಾರೆ. ಗ್ರಾಮಸಭೆಯಲ್ಲಿ ಸರಿಯಾದ ಪ್ರಶ್ನೆಯನ್ನು ಕೇಳುವವರು ಹೀಗೆ ಸಿದ್ಧರಾಗುತ್ತಾರೆ. ಪ್ರಶ್ನೆಗೆ ಅಂಜದ ಪಂಚಾಯಿತಿಯು ಇದನ್ನು ಸ್ವಾಗತಿಸುತ್ತದೆ.

ಐದು: ಮಕ್ಕಳ ಗ್ರಾಮಸಭೆಯಲ್ಲಿ ವಸ್ತುವಿನ ಜೊತೆಗೆ ಯೋಜನೆಯ ಹಾಳೆಯನ್ನೂ ಕೇಳುವುದು. ಕೆಂಪು ಶಾಯಿಯ ತಿದ್ದುಪಡಿಗಳಿಂದ ತುಂಬಿದ ಹಾಳೆಯನ್ನು ತಂದ ತಂಡಕ್ಕೆ ಮೊದಲ ಚಪ್ಪಾಳೆ ಸಲ್ಲಬೇಕು. ಗೂಡು ಪೂರ್ಣವಾಗದಿದ್ದರೂ ಎಲ್ಲಿ ನಿಂತಿತು, ಏಕೆ ನಿಂತಿತು ಎಂದು ಹೇಳಬಲ್ಲ ತಂಡವು ಕಲಿತಿದೆಯೆಂದೇ ತಿಳಿಯಬೇಕು.

ಮುಗಿದ ಗೂಡಿನಲ್ಲಿ ದೋಷಗಳಿರಬಹುದು. ಒಂದು ಅಂಚು ಸ್ವಲ್ಪ ಒರಟಾಗಿರಬಹುದು, ಬಣ್ಣ ಒಂದೆಡೆ ಇಳಿದಿರಬಹುದು. ಪೇಟೆಯಲ್ಲಿ ಅದಕ್ಕಿಂತ ನುಣುಪಾದ ಗೂಡು ಸಿಗುತ್ತದೆ. ಪಂಚಾಯಿತಿ ಪಡೆಯುವುದು ಬರಿಯ ಗೂಡನ್ನಲ್ಲ. ಒಂದು ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲು ಅದರ ಕೊನೆಯವರೆಗೆ ಯೋಚಿಸಿ, ಬರೆದು, ಇತರರಿಂದ ಓದಿಸಿ, ಅಳೆದು, ಆಮೇಲೆ ಕೈಹಾಕುವ ಐದಾರು ಮಂದಿ ಯುವಜನರನ್ನು ಅದು ಪಡೆಯುತ್ತದೆ. ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಗ್ರಾಮದ ಮನೆ, ಹೊಲ, ಸಂಘ, ಅಂಗಡಿ, ಕಡೆಗೆ ಈ ಸಭೆಯ ಆಸನಗಳೂ ಅವರ ಕೈಗೆ ಬರಲಿವೆ. ಆ ಕೈಗಳು ಸಿದ್ಧವಾಗುವುದಕ್ಕೂ ಒಂದು ಯೋಜನೆ ಬೇಕು. ಅದರ ಮೊದಲ ಹೆಜ್ಜೆಯಾಗಿ, ಮುಂದಿನ ಸಾಮಾನ್ಯ ಸಭೆಯಲ್ಲಿ ವ್ಯಾಪ್ತಿಯ ಒಂದು ಶಾಲೆಗೆ ಒಂದು ನಿಜವಾದ ಅಗತ್ಯವನ್ನು, ಸಾಕಷ್ಟು ಕಾಲಾವಕಾಶದೊಂದಿಗೆ ಒಪ್ಪಿಸುವ ನಿರ್ಣಯವನ್ನು ಪ್ರತಿ ಗ್ರಾಮ ಪಂಚಾಯಿತಿಯೂ ಕೈಗೊಳ್ಳುವುದು ಉಚಿತವಾಗಿರುತ್ತದೆ.